ಅಳತೆ ಪುಸ್ತಕದಲ್ಲಿದ್ದ ಗಿರಾಕಿಗಳು: ಬರದ ವರ್ಷದಲ್ಲಿ ದಾವಣಗೆರೆಯ ಒಂದು ಹೊಲಿಗೆ ಅಂಗಡಿ

2023ರ ದೀಪಾವಳಿಗೆ ಇನ್ನು ಎರಡು ವಾರ ಇತ್ತು. ನಿಟ್ಟುವಳ್ಳಿಯ ಆ ಹೊಲಿಗೆ ಅಂಗಡಿಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಮೆಷಿನ್ ಸದ್ದೇ ಇರಲಿಲ್ಲ. ಹಬ್ಬದ ಮುಂಚಿನ ಹದಿನೈದು ದಿನ ಅಂದರೆ ಬ್ಲೌಸ್ ಹೊಲಿಯುವವರಿಗೆ ಊಟಕ್ಕೂ ಪುರಸೊತ್ತು ಇರದ ಕಾಲ. ಅಂಗಡಿ ನಡೆಸುವ ಅಕ್ಕ ಮಾತ್ರ ಕತ್ತರಿಗೆ ಎಣ್ಣೆ ಹಾಕುತ್ತಾ ಕೂತಿದ್ದರು. ಜೊತೆಗೆ ಹೊಲಿಯುವ ಹೆಣ್ಣುಮಗಳು ಕೆಲಸವಿಲ್ಲವೆಂದು ಮಧ್ಯಾಹ್ನಕ್ಕೇ ಮನೆಗೆ ಹೋಗಿದ್ದಳು.

ನಾನು ಅದೇ ಬೀದಿಯವನು, ಸಣ್ಣ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಈ ಅಂಗಡಿಯ ಲೆಕ್ಕವನ್ನು ತಿಂಗಳಿಗೊಮ್ಮೆ ನೋಡುತ್ತೇನೆ. ಮುಂದಿನ ಹತ್ತು ತಿಂಗಳು ಅಲ್ಲಿ ಏನೇನು ಮಾಡಿದೆವು, ಯಾವುದು ಕೈ ಹಿಡಿಯಿತು, ಯಾವುದು ಕೈಕೊಟ್ಟಿತು ಎಂಬುದನ್ನು ಅಂಗಡಿಯ ಪುಸ್ತಕ ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಅಕ್ಕನ ಒಪ್ಪಿಗೆ ಇದೆ. ಹೆಸರು ಬೇಡ ಎಂದಿದ್ದಾರೆ.

ಅಂಗಡಿ ಮತ್ತು ಆ ವರ್ಷ

ಹತ್ತಡಿ ಹನ್ನೆರಡಡಿಯ ಜಾಗ, ತಿಂಗಳಿಗೆ 4,500 ರೂಪಾಯಿ ಬಾಡಿಗೆ. ಮೋಟಾರ್ ಹಾಕಿದ ಎರಡು ಮೆಷಿನ್, ಒಂದು ಪಿಕೋ ಮೆಷಿನ್. 2011ರಲ್ಲಿ ಶುರುವಾದದ್ದು. ಅಕ್ಕನ ಮಾವ ಇಲ್ಲಿನ ಹತ್ತಿ ಗಿರಣಿಯೊಂದರಲ್ಲಿ ದುಡಿದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ ಅದು. ಗಿರಣಿ ಮುಚ್ಚಿದ ಮೇಲೆ ಆ ಮನೆಯವರು ಬದುಕಿದ್ದು ಹೊಲಿಗೆ ಮೆಷಿನ್ ಮೇಲೆ. ಹಾಗಾಗಿ ವ್ಯಾಪಾರ ಕುಸಿಯುವುದು ಅಂದರೆ ಏನು ಎಂಬುದು ಅವರಿಗೆ ಹೊಸದಲ್ಲ. ಆದರೆ ಗಿರಣಿ ಬಾಗಿಲು ಹಾಕಿದ್ದು ಎಲ್ಲರ ಕಣ್ಣಿಗೂ ಕಂಡಿತ್ತು, 2023ರ ಕುಸಿತ ಹಾಗೆ ಕಾಣಲಿಲ್ಲ. ಅದು ಒಳಗೊಳಗೇ ಬಂತು.

ನಮ್ಮ ಊರಿನ ಪೇಟೆ ನಿಂತಿರುವುದೇ ಮೆಕ್ಕೆಜೋಳ, ಭತ್ತ, ಅಡಿಕೆಯ ಮೇಲೆ. ಆ ವರ್ಷದ ಆಗಸ್ಟ್ ತಿಂಗಳಲ್ಲಿ ದೇಶದಲ್ಲಿ ಬಿದ್ದ ಮಳೆ 1901ರಿಂದ ಲೆಕ್ಕ ಇಟ್ಟ ಯಾವ ಆಗಸ್ಟ್‌ಗಿಂತಲೂ ಕಡಿಮೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ಭದ್ರಾ ಡ್ಯಾಮಿನ ಪೂರ್ತಿ ಮಟ್ಟ 186 ಅಡಿ. ಇಲ್ಲಿನ ಮನೆಗಳಲ್ಲಿ ಬೆಳಿಗ್ಗೆ ಪೇಪರು ಬಿಡಿಸಿದರೆ ಮೊದಲು ನೋಡುವುದೇ ಡ್ಯಾಮಿನ ಅಂದಿನ ಮಟ್ಟ. ಆ ವರ್ಷ ಡ್ಯಾಮು ತುಂಬಲಿಲ್ಲ. ನಾಲೆಯ ನೀರು ನಂಬಿದ ಹರಿಹರ, ಮಲೇಬೆನ್ನೂರು ಕಡೆಯ ಬಹಳ ರೈತರಿಗೆ ಬೇಸಿಗೆ ಭತ್ತ ನಾಟಿ ಮಾಡುವ ಧೈರ್ಯ ಬರಲಿಲ್ಲ. ಜಗಳೂರು ಕಡೆ ಮೆಕ್ಕೆಜೋಳ ಒಣಗಿತು. ಹೊಲದಲ್ಲಿ ನೀರಿಲ್ಲದಿದ್ದರೆ ಮೂರು ತಿಂಗಳಲ್ಲಿ ಚೌಕಿಪೇಟೆಯ ಸೀರೆ ಅಂಗಡಿ ಖಾಲಿ, ಸೀರೆ ಹೋಗದಿದ್ದರೆ ಮರುವಾರವೇ ಬ್ಲೌಸಿನವರು ಖಾಲಿ.

ಪುಸ್ತಕದಲ್ಲಿ ಹೀಗಿದೆ: 2022ರ ಅಕ್ಟೋಬರ್‌ನಲ್ಲಿ ಬಂದ ಮಜೂರಿ 34,000. 2023ರ ಅಕ್ಟೋಬರ್‌ನಲ್ಲಿ 21,400. ಎರಡೂ ದಸರಾ ಇದ್ದ ತಿಂಗಳುಗಳೇ.

ಮೊದಲು ಮಾಡಿದ ತಪ್ಪು

ಕರಪತ್ರದ ಸಲಹೆ ಕೊಟ್ಟವನು ನಾನೇ. ಎರಡು ಸಾವಿರ ಕರಪತ್ರಕ್ಕೆ 1,800, ಪೇಪರಿನೊಳಗೆ ಇಟ್ಟು ಹಂಚಿಸಲು 1,000, ಅಂಗಡಿ ಮುಂದೆ ಒಂದು ಫ್ಲೆಕ್ಸ್‌ಗೆ 600. ಒಟ್ಟು 3,400. ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ 'ದೀಪಾವಳಿ ವಿಶೇಷ, ಶೇ. 20 ರಿಯಾಯಿತಿ'.

ಹದಿನೈದು ದಿನದಲ್ಲಿ ಕರಪತ್ರ ಹಿಡಿದು ಬಂದವರು ಹನ್ನೊಂದು ಜನ. ಅದರಲ್ಲಿ ಏಳು ಜನ ಹಳೇ ಗಿರಾಕಿಗಳು, ಹೇಗೂ ಬರುತ್ತಿದ್ದವರು. ಹೊಸಬರು ನಾಲ್ಕೇ ಜನ. ತಲೆಗೆ 850 ರೂಪಾಯಿ ಬಿತ್ತು.

ಅದಕ್ಕಿಂತ ದೊಡ್ಡ ಹೊಡೆತ ರಿಯಾಯಿತಿಯದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಾನು ಲೆಕ್ಕ ನೋಡುವ ಅಂಗಡಿಗಳಲ್ಲಿ ಅರ್ಧಕ್ಕರ್ಧ ಈ ಜಾಗದಲ್ಲೇ ಎಡವುತ್ತವೆ. ಲೈನಿಂಗ್ ಬ್ಲೌಸಿಗೆ ಅಕ್ಕ ತೆಗೆದುಕೊಳ್ಳುವುದು 350. ಲೈನಿಂಗ್ ಬಟ್ಟೆ, ದಾರ, ಹುಕ್ಕು ಸೇರಿ 70 ಹೋಗುತ್ತದೆ. ಹೊಲಿಯುವ ಹೆಣ್ಣುಮಗಳಿಗೆ ಪೀಸಿಗೆ 150. ಉಳಿಯುವುದು 130. ಬಾಡಿಗೆ, ಕರೆಂಟು, ಅಕ್ಕನ ಕಟಿಂಗ್ ಕೆಲಸ ಎಲ್ಲಾ ಅದರಲ್ಲೇ. ಶೇ. 20 ಅಂದರೆ 70 ರೂಪಾಯಿ ಬಿಟ್ಟಂತೆ. ಅದು ಹೋಗುವುದು 350ರಿಂದಲ್ಲ, ಆ 130ರಿಂದ. ಕೈಗೆ ಸಿಗುವುದು 60. ಮೊದಲಿನಷ್ಟೇ ದುಡಿಯಬೇಕಾದರೆ ಎರಡು ಪಟ್ಟಿಗಿಂತ ಹೆಚ್ಚು ಬ್ಲೌಸ್ ಹೊಲಿಯಬೇಕು. ಊರಿಗೆ ಊರೇ ಕೈ ಬಿಗಿ ಹಿಡಿದ ವರ್ಷದಲ್ಲಿ ಎರಡು ಪಟ್ಟು ಬ್ಲೌಸ್ ಎಲ್ಲಿಂದ ಬರಬೇಕು? ಆ ಹದಿನೈದು ದಿನದಲ್ಲಿ ಹೊಲಿದದ್ದು 62. ಬಿಟ್ಟುಕೊಟ್ಟ ದುಡ್ಡು 4,340. ಕರಪತ್ರ, ಫ್ಲೆಕ್ಸ್ ಸೇರಿಸಿದರೆ 7,740, ಹೆಚ್ಚುಕಮ್ಮಿ ಎರಡು ತಿಂಗಳ ಬಾಡಿಗೆ.

ಹಬ್ಬ ಮುಗಿದ ಮೇಲೆ ಆ ಲೆಕ್ಕ ತೋರಿಸಿದಾಗ ಅಕ್ಕ ಸಿಟ್ಟಾಗಲಿಲ್ಲ. "ತಮ್ಮಾ, ಬರೋರಿಗೇ ಕಮ್ಮಿ ಮಾಡಿದ್ವಿ. ಬಿಟ್ಟು ಹೋದೋರ ಸುದ್ದಿ ಕೇಳ್ಲೇ ಇಲ್ಲ ನೋಡು" ಅಂದರು. ಮುಂದಿನ ಎಲ್ಲ ಕೆಲಸ ಹುಟ್ಟಿದ್ದು ಆ ಒಂದು ಮಾತಿನಿಂದ.

ಒಂಬತ್ತು ಪುಸ್ತಕಗಳು

ಹೊಲಿಗೆ ಅಂಗಡಿಗಳಲ್ಲಿ ಒಂದು ಆಸ್ತಿ ಇರುತ್ತದೆ, ಯಾರೂ ಅದನ್ನು ಆಸ್ತಿ ಅಂತ ಎಣಿಸುವುದಿಲ್ಲ. ಅಳತೆ ಪುಸ್ತಕ. ಅಕ್ಕನ ಮೇಜಿನ ಕೆಳಗಿನ ಪೆಟ್ಟಿಗೆಯಲ್ಲಿ ಉದ್ದನೆಯ ಒಂಬತ್ತು ಪುಸ್ತಕಗಳಿದ್ದವು. ರಟ್ಟು ಕಿತ್ತು ಹೋದದ್ದಕ್ಕೆ ಹಳೇ ಸೀರೆಯ ಅಂಚು ಹಾಕಿ ಹೊಲಿದಿದ್ದರು. ಒಂದೊಂದು ಪುಟದಲ್ಲಿ ನಾಲ್ಕೈದು ಹೆಸರು. ಹೆಸರಿನ ಪಕ್ಕ ಊರು ಅಥವಾ ಬಡಾವಣೆ, ಕೆಳಗೆ ಉದ್ದ 14, ಎದೆ 36, ಸೊಂಟ 32, ತೋಳು 9, ಮುಂದಿನ ಕುತ್ತಿಗೆ, ಹಿಂದಿನ ಕುತ್ತಿಗೆ. ಬದಿಯಲ್ಲಿ ಗುಂಡುಪಿನ್ನಿಗೆ ಸಿಕ್ಕಿಸಿದ ಬಟ್ಟೆಯ ಚೂರು. ಕೆಲವು ಕಡೆ ಪಿನ್ನು ತುಕ್ಕು ಹಿಡಿದು ಚೂರಿನ ಮೇಲೆ ಕಂದು ಕಲೆ ಬಿದ್ದಿತ್ತು. 'ಬಲ ಭುಜ ಸ್ವಲ್ಪ ಇಳಿದಿದೆ', 'ಬಿಗಿ ಬೇಡ ಅಂತಾರೆ' ಎಂಬಂಥ ಟಿಪ್ಪಣಿಗಳು. ಒಬ್ಬರದೇ ಅಳತೆ 2012ರಲ್ಲಿ 32, 2017ರಲ್ಲಿ 36, 2021ರಲ್ಲಿ 38. ಒಂದು ಹೆಣ್ಣಿನ ಮದುವೆ, ಬಾಣಂತನ, ವಯಸ್ಸು ಎಲ್ಲಾ ಆ ಅಂಕಿಗಳಲ್ಲಿ ಕಾಣುತ್ತದೆ. ದುಡ್ಡು ಕೊಟ್ಟು ಯಾವ ಜಾಹೀರಾತು ಮಾಡಿಸಿದರೂ ಗಿರಾಕಿಯ ಬಗ್ಗೆ ಇಷ್ಟು ತಿಳಿಯುವುದಿಲ್ಲ.

ಅಕ್ಕನ ಮಗಳು ಆಗ ಬಿ.ಕಾಂ ಮೊದಲ ವರ್ಷ. ನವೆಂಬರ್ ಕೊನೆಯ ಎರಡು ಭಾನುವಾರ ಕೂತು ಫೋನ್ ನಂಬರ್ ಇದ್ದ ಹೆಸರುಗಳನ್ನೆಲ್ಲ ಮೊಬೈಲಿನ ಶೀಟಿಗೆ ಹಾಕಿದಳು. ಎರಡೆರಡು ಸಲ ಬಂದದ್ದು ತೆಗೆದು, ಓದಲಾಗದ ನಂಬರ್ ಬಿಟ್ಟರೆ ಉಳಿದದ್ದು 430. ಅದನ್ನು ಮೂರು ಭಾಗ ಮಾಡಿದೆವು. ಒಂದು ವರ್ಷದೊಳಗೆ ಬಂದವರು 140. ಒಂದರಿಂದ ಮೂರು ವರ್ಷದ ಹಿಂದೆ ಬಂದು ಆಮೇಲೆ ಬಾರದವರು 165. ಅದಕ್ಕೂ ಹಿಂದಿನವರು 125.

ಅಕ್ಕ ಆರಿಸಿದ್ದು ನಡುವಿನ 165 ಜನರನ್ನು. ಬರುತ್ತಿರುವವರಿಗೆ ಹೇಳಬೇಕಾದ್ದೇನಿಲ್ಲ, ತೀರಾ ಹಳಬರಿಗೆ ಅಂಗಡಿಯ ನೆನಪಿರುವುದಿಲ್ಲ. ಈ 165 ಜನಕ್ಕೆ ಅಂಗಡಿ ಗೊತ್ತು, ದಾರಿ ಗೊತ್ತು, ಕೈ ಗೊತ್ತು. ಆದರೂ ಬರುತ್ತಿಲ್ಲ. ಏಕೆ?

ವಾಟ್ಸಾಪ್‌ನಲ್ಲಿ ಒಂದೇ ಸಲ ಎಲ್ಲರಿಗೂ ಸಂದೇಶ ಕಳಿಸೋಣ ಎಂದು ನಾನು ಹೇಳಿದೆ. ಅದು ಆಗಲಿಲ್ಲ, ಕಾರಣ ತಿಳಿದಿರುವುದು ಒಳ್ಳೆಯದು. ಬ್ರಾಡ್‌ಕಾಸ್ಟ್ ಪಟ್ಟಿಯೊಂದಕ್ಕೆ 256 ಜನರ ಮಿತಿ ಇದೆ, ಅದಿರಲಿ. ಮುಖ್ಯ ತೊಡಕು ಬೇರೆ. ಆ ಸಂದೇಶ ತಲುಪುವುದು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ. ಬ್ಲೌಸ್ ಹೊಲಿಸಿದವರಲ್ಲಿ ಟೈಲರ್ ನಂಬರ್ ಸೇವ್ ಮಾಡಿಕೊಂಡವರು ಎಷ್ಟು ಜನ ಇರುತ್ತಾರೆ? ಸೇವ್ ಮಾಡದವರಿಗೆ ಒಬ್ಬೊಬ್ಬರಿಗೇ ಕಳಿಸುತ್ತಾ ಹೋದರೆ, ಅವರಲ್ಲಿ ನಾಲ್ಕು ಜನ ಬೇಡವೆಂದು ರಿಪೋರ್ಟ್ ಒತ್ತಿದರೆ, ನಂಬರೇ ಬಂದ್ ಆಗುವ ಭಯ. ಹದಿಮೂರು ವರ್ಷದಿಂದ ಒಂದೇ ನಂಬರ್ ಇಟ್ಟುಕೊಂಡವರು ಆ ಅಪಾಯಕ್ಕೆ ಕೈ ಹಾಕಬಾರದು.

ಹಾಗಾಗಿ ಫೋನ್ ಮಾಡುವುದೆಂದು ಆಯಿತು. ಡಿಸೆಂಬರ್ ಒಂದರಿಂದ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ, ದಿನಕ್ಕೆ ಐದಾರು ಜನರಿಗೆ. ಮಾತನಾಡಬೇಕಾದ್ದನ್ನು ಬರೆದುಕೊಡಲೇ ಎಂದು ಕೇಳಿದೆ, ಅಕ್ಕ ಬೇಡ ಅಂದರು. ಮೊದಲ ಫೋನಿಗೆ ನಾನು ಪಕ್ಕದಲ್ಲೇ ಇದ್ದೆ.

"ಅಕ್ಕಾರೆ, ನಾನು ನಿಟ್ಟುವಳ್ಳಿ ಟೈಲರ್ ಅಂಗ್ಡಿಯಿಂದ. ನಿಮ್ಮ ಅಳತಿ ಇನ್ನೂ ನಮ್ ಹತ್ರನೇ ಐತೆ. ಹಳೇ ಬ್ಲೌಸು ಯಾವಾದ್ರೂ ಬಿಗಿ ಆಗಿದ್ರೆ ತಗೊಂಡ್ ಬರ್ರಿ, ಬಿಚ್ಚಿ ಸರಿ ಮಾಡಿ ಕೊಡ್ತೀನಿ. ಹೊಸದು ಹೊಲ್ಸೋದೇನ್ ಬ್ಯಾಡ."

ಹೊಸದು ಹೊಲಿಸುವುದು ಬೇಡ! ಮಾರಾಟಕ್ಕೆ ಕೂತವರು ಆಡುವ ಮಾತಾ ಇದು ಎಂದು ನನಗೆ ಆಗ ಅನ್ನಿಸಿತು. ಆದರೆ ಅಕ್ಕನ ಲೆಕ್ಕ ಸರಿ ಇತ್ತು. ಬರದ ವರ್ಷದಲ್ಲಿ ಹೊಸ ಸೀರೆ ಕೊಳ್ಳುವವರು ಕಡಿಮೆ, ಆದರೆ ಮದುವೆ, ಗೃಹಪ್ರವೇಶ ನಿಲ್ಲುವುದಿಲ್ಲ. ಕರೆದಲ್ಲಿಗೆ ಹೋಗಲೇಬೇಕು. ಬೀರುವಿನಿಂದ ಹಳೇ ರೇಷ್ಮೆ ಸೀರೆ ತೆಗೆದರೆ ಅದರ ಬ್ಲೌಸು ತೋಳಿಗೆ ಹತ್ತುವುದಿಲ್ಲ. ಅಕ್ಕ ಮೊದಲಿನಿಂದಲೂ ಪ್ರತಿ ಬ್ಲೌಸಿನ ಪಕ್ಕದ ಹೊಲಿಗೆಯಲ್ಲಿ ಒಂದೂವರೆ ಇಂಚು ಬಟ್ಟೆ ಒಳಗೆ ಬಿಟ್ಟೇ ಹೊಲಿಯುವವರು. ಬಿಚ್ಚಿದರೆ ಎರಡು ಸೈಜು ದೊಡ್ಡದಾಗುತ್ತದೆ. ಹತ್ತು ವರ್ಷದ ಹಿಂದೆ ಬಿಟ್ಟ ಬಟ್ಟೆ ಈಗ ಕೆಲಸಕ್ಕೆ ಬಂತು.

ಫೋನಿನಲ್ಲಿ ಕೇಳಿಸಿಕೊಂಡದ್ದು

165 ನಂಬರುಗಳಲ್ಲಿ 38 ಬದಲಾಗಿದ್ದವು ಅಥವಾ ಹತ್ತಲಿಲ್ಲ. 127 ಜನ ಮಾತಾಡಿದರು. ಬಹಳ ಜನ ಖುಷಿಪಟ್ಟರು, ಅಳತೆ ಇನ್ನೂ ಇದೆ ಎಂದರೆ ನಂಬಲಿಲ್ಲ. ಕೆಲವರು ಊರು ಬಿಟ್ಟಿದ್ದರು. ಇಬ್ಬರು ತೀರಿಕೊಂಡಿದ್ದರು, ಫೋನ್ ಎತ್ತಿದ್ದು ಮಕ್ಕಳು. ಆ ಎರಡು ದಿನ ಅಕ್ಕ ಮುಂದಿನ ಫೋನ್ ಮಾಡಲಿಲ್ಲ.

ಹದಿನೇಳು ಜನ ಮಾತ್ರ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು: ಹೇಳಿದ ದಿನಕ್ಕೆ ಕೊಡಲಿಲ್ಲ. ಮಲೇಬೆನ್ನೂರಿನ ಒಬ್ಬರು 2021ರಲ್ಲಿ ಮಗಳ ನಿಶ್ಚಿತಾರ್ಥಕ್ಕೆ ಮೂರು ಬ್ಲೌಸ್ ಕೊಟ್ಟಿದ್ದರಂತೆ. ಹಿಂದಿನ ದಿನ ಸಂಜೆ ಬಂದರೆ ಎರಡಕ್ಕೆ ಹುಕ್ಕು ಹಾಕಿರಲಿಲ್ಲ. "ನಿಮ್ ಅಂಗ್ಡಿ ಮುಂದೆ ನಿಂತು ಅತ್ತೀನಿ ಕಣ್ರಿ. ಮಗಳು ಬ್ಯಾರೆದೋರ ಬ್ಲೌಸ್ ಹಾಕ್ಕೊಂಡು ಹಸೆ ಮೇಲೆ ಕುಂತ್ಳು" ಎಂದು ಹೇಳಿದರು. ಅಕ್ಕ ಫೋನಿನಲ್ಲೇ "ತಪ್ಪಾತು ಅಕ್ಕಾರೆ" ಅಂದರು. ಆಮೇಲೆ ಬಹಳ ಹೊತ್ತು ಪುಸ್ತಕದ ಆ ಪುಟ ತೆರೆದುಕೊಂಡೇ ಕೂತಿದ್ದರು.

ವ್ಯಾಪಾರ ಕುಸಿದ ಕಾಲದಲ್ಲಿ ನಮ್ಮ ಮೊದಲ ಯೋಚನೆ ಹೊಸ ಗಿರಾಕಿ ಹುಡುಕುವುದು. ಈ ಅಂಗಡಿಗೆ ನಿಜವಾಗಿ ಆಗಿದ್ದು ಹೊಸಬರು ಬಾರದ ತೊಂದರೆಯಲ್ಲ. ನಾಲ್ಕಾರು ವರ್ಷದಿಂದ ಹಳಬರು ಸೋರಿ ಹೋಗುತ್ತಿದ್ದರು. ಒಳ್ಳೇ ಕಾಲದಲ್ಲಿ ಹೊಸಬರು ಬಂದು ತುಂಬುತ್ತಿದ್ದರಿಂದ ಆ ಸೋರಿಕೆ ಕಂಡಿರಲಿಲ್ಲ. ಬರ ಬಂದಾಗ ತೂತು ಕಂಡಿತು.

ಮರುದಿನ ಅಕ್ಕ ಮಂಡಿಪೇಟೆಯಿಂದ ದೊಡ್ಡದೊಂದು ಹಲಗೆ ತಂದರು, 280 ರೂಪಾಯಿ. ಅದನ್ನು ರಸ್ತೆಗೆ ಕಾಣುವಂತೆ ನೇತು ಹಾಕಿದರು. ಮೇಲೆ 'ಈ ವಾರ' ಎಂದು, ಕೆಳಗೆ ಆರು ದಿನ, ದಿನಕ್ಕೆ ಆರು ಗೆರೆ. ಇಬ್ಬರ ಕೈಯಲ್ಲಿ ವಾರಕ್ಕೆ ಆಗುವುದು 36 ಬ್ಲೌಸ್. ಒಂದು ಬ್ಲೌಸ್ ಒಪ್ಪಿಕೊಂಡರೆ ಒಂದು ಗೆರೆಗೆ ಅಡ್ಡ ಗೀಟು. ಗೆರೆ ಮುಗಿದರೆ ಮುಂದಿನ ವಾರ. ಯಾರೇ ಬಂದು ಬೇಡಿಕೊಂಡರೂ ಒಪ್ಪುವಂತಿಲ್ಲ. ಸ್ವಂತ ನಾದಿನಿಗೂ ಇಲ್ಲ ಅಂದದ್ದನ್ನು ನಾನೇ ನೋಡಿದ್ದೇನೆ.

ನನ್ನ ಅನುಭವದಲ್ಲಿ ಆ ಹತ್ತು ತಿಂಗಳ ಅತ್ಯುತ್ತಮ ಜಾಹೀರಾತು ಆ ಹಲಗೆ. ದಾರಿಯಲ್ಲಿ ಹೋಗುವವರು ನಿಂತು ಓದುತ್ತಿದ್ದರು. "ಶುಕ್ರವಾರ ಅಂದ್ರೆ ಶುಕ್ರವಾರ ಕೊಡ್ತಾರೆ" ಎಂಬ ಮಾತು ಬೀದಿಯಿಂದ ಬೀದಿಗೆ ಹೋಯಿತು.

ಬಸ್ಸಿನ ಲೆಕ್ಕ

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ನಮ್ಮ ಭಾಗದ ಎಷ್ಟೋ ದಾರಿಗಳಲ್ಲಿ ಖಾಸಗಿ ಬಸ್ಸೇ ಹೆಚ್ಚು, ಅಲ್ಲಿಯವರಿಗೆ ಇದರ ಲಾಭ ಅಷ್ಟಕ್ಕಷ್ಟೆ. ಆದರೆ ಸರ್ಕಾರಿ ಬಸ್ಸು ಓಡುವ ಊರಿನವರಿಗೆ ದಾವಣಗೆರೆ ಹತ್ತಿರವಾಯಿತು. ಫೋನಿನಲ್ಲಿ ಹಳ್ಳಿಯವರು ಹೇಳಿದ ತೊಂದರೆ ದುಡ್ಡಿನದಲ್ಲ, ಎರಡು ಸಲ ಬರಬೇಕಲ್ಲ ಎಂಬುದು. ಕೊಡಲು ಒಂದು ದಿನ, ಒಯ್ಯಲು ಒಂದು ದಿನ.

ಅದಕ್ಕೆ ಮಂಗಳವಾರ, ಗುರುವಾರ ಆಲ್ಟ್ರೇಷನ್ ದಿನ ಎಂದು ಇಟ್ಟರು. ಬೆಳಿಗ್ಗೆ ಹನ್ನೊಂದರೊಳಗೆ ಕೊಟ್ಟರೆ ಸಂಜೆ ನಾಲ್ಕಕ್ಕೆ ತಯಾರು. ಒಂದು ರಬ್ಬರ್ ಸ್ಟಾಂಪ್ ಮಾಡಿಸಿದರು, 350 ರೂಪಾಯಿ: 'ಬೆಳಿಗ್ಗೆ ಬಸ್ಸಿಗೆ ಬನ್ನಿ, ಸಂಜೆ ಬಸ್ಸಿಗೆ ಒಯ್ಯಿರಿ', ಕೆಳಗೆ ಫೋನ್ ನಂಬರ್. ರಸೀದಿಯ ಹಿಂದೆ, ಬ್ಲೌಸ್ ಹಾಕಿಕೊಡುವ ಕಾಗದದ ಕವರಿನ ಮೇಲೆ ಅದನ್ನು ಒತ್ತುವುದು. ಎರಡು ಸಾವಿರ ಕರಪತ್ರ ಬೀದಿ ಪಾಲಾದವು, ಈ ಕವರು ಮಾತ್ರ ಹಳ್ಳಿ ಮನೆಯ ಗೂಡಿನಲ್ಲಿ ತಿಂಗಳುಗಟ್ಟಲೆ ಇರುತ್ತಿತ್ತು. ರಸೀದಿ ಕೊಡುವಾಗಲೇ "ನಂಬರ್ ಸೇವ್ ಮಾಡ್ಕೊಳ್ರಿ" ಎಂದು ನಿಂತು ಮಾಡಿಸಿಕೊಳ್ಳುವುದು. ಇದರಿಂದ ವಾಟ್ಸಾಪ್ ಸ್ಟೇಟಸ್ ಕೆಲಸಕ್ಕೆ ಬಂತು. ಸ್ಟೇಟಸ್ ಕಾಣಬೇಕಾದರೆ ಇಬ್ಬರ ಫೋನಿನಲ್ಲೂ ಇನ್ನೊಬ್ಬರ ನಂಬರ್ ಇರಬೇಕು. ಸಂಜೆ ಹೊಲಿದು ಮುಗಿಸಿದ ಒಂದು ಬ್ಲೌಸಿನ ಬೆನ್ನಿನ ಫೋಟೋ, ಹಲಗೆಯ ಫೋಟೋ, ಅಷ್ಟೇ. ಗೃಹಲಕ್ಷ್ಮಿಯ ಎರಡು ಸಾವಿರ ಖಾತೆಗೆ ಬಂತೆಂದು ಬೀದಿಯಲ್ಲಿ ಸುದ್ದಿಯಾದ ದಿನ ಸ್ಟೇಟಸ್ ನೋಡಿ ಫೋನ್ ಮಾಡುವವರು ಹೆಚ್ಚಿರುತ್ತಿದ್ದರು.

ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯನ್ನು ದುಡ್ಡಿಲ್ಲದೆ ಸೇರಿಸಿದೆವು. ಅದರಿಂದ ಹಳ್ಳಿಯವರು, ಬೀದಿಯವರು ಯಾರೂ ಬರಲಿಲ್ಲ. ಬಂದವರು ಹಾಸ್ಟೆಲ್ ಹುಡುಗಿಯರು, ಮೆಡಿಕಲ್ ಮತ್ತು ಎಂಜಿನಿಯರಿಂಗ್ ಓದುವವರು. ಕುರ್ತಾ ಬಿಗಿ ಮಾಡಿಸುವುದು, ಬಿಳಿ ಏಪ್ರನ್ ಗಿಡ್ಡ ಮಾಡಿಸುವುದು. ಚಿಕ್ಕ ಕೆಲಸ, ಆದರೆ ಕೈಯಲ್ಲಿ ಕಾಸು. ರೀಲ್ಸ್ ಕೂಡ ಮಾಡಿದಳು ಮಗಳು. ನೋಡಿದವರು ಎಲ್ಲೆಲ್ಲಿಯವರೋ, ಬ್ಲೌಸ್ ಕೊಟ್ಟವರು ಒಬ್ಬರೂ ಇಲ್ಲ.

ಹಿಂದಿನ ಬೀದಿಯಲ್ಲಿ ಸೀರೆಗೆ ಕುಚ್ಚು ಕಟ್ಟುವ ಒಬ್ಬರು ಇದ್ದಾರೆ. ಅವರಿಗೂ ಕೆಲಸ ಕಮ್ಮಿಯಾಗಿತ್ತು. ಕುಚ್ಚಿಗೆ ಬಂದವರನ್ನು ಅವರು ಇಲ್ಲಿಗೆ, ಫಾಲ್ ಪಿಕೋಗೆ ಬಂದವರನ್ನು ಅಕ್ಕ ಅಲ್ಲಿಗೆ ಕಳಿಸುವುದು. ಕಮಿಷನ್ ಮಾತೇ ಇಲ್ಲ. ಚೌಕಿಪೇಟೆಯ ಒಂದು ಸೀರೆ ಅಂಗಡಿಯವರು ಮಾತ್ರ ಬ್ಲೌಸಿಗೆ 50 ರೂಪಾಯಿ ಕಮಿಷನ್ ಕೇಳಿದರು. ಉಳಿಯುವ 130ರಲ್ಲಿ 50 ಕೊಡುವುದು ಆಗದ ಮಾತೆಂದು ಅಕ್ಕ ಕೈ ಮುಗಿದು ಬಂದರು.

ಜಾತ್ರೆ

ನಗರದೇವತೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. 2024ರ ಮಾರ್ಚ್‌ನಲ್ಲಿ ಅದಿತ್ತು. ಬರವಿರಲಿ, ಸಾಲವಿರಲಿ, ಜಾತ್ರೆಗೆ ಮನೆ ತುಂಬ ನೆಂಟರು ಬರುತ್ತಾರೆ, ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ನಾವು ಮಾಡಿದ್ದರ ಪರೀಕ್ಷೆ ಅಲ್ಲೇ ಆಗಬೇಕಿತ್ತು.

ಫೋನಿನಲ್ಲಿ ಮಾತಾಡಿದ 127 ಜನರಲ್ಲಿ 41 ಜನ ಫೆಬ್ರವರಿಯೊಳಗೆ ಅಂಗಡಿಗೆ ಬಂದಿದ್ದರು, ಹೆಚ್ಚಿನವರು 60-100 ರೂಪಾಯಿಯ ಆಲ್ಟ್ರೇಷನ್‌ಗೆ. ಅವರಲ್ಲಿ 23 ಜನ ಜಾತ್ರೆಗೆ ಹೊಸ ಬ್ಲೌಸ್ ಕೊಟ್ಟರು, ಪೂರ್ತಿ ದರಕ್ಕೆ. ಜಾತ್ರೆಗೆ ಹತ್ತು ದಿನ ಇರುವಾಗಲೇ ಹಲಗೆ ತುಂಬಿತು. ಹದಿನಾಲ್ಕು ಜನರನ್ನು ವಾಪಸ್ ಕಳಿಸಬೇಕಾಯಿತು. ನನಗೆ ಹೊಟ್ಟೆ ಉರಿಯಿತು, ಅಕ್ಕನಿಗೆ ಇಲ್ಲ. ಒಪ್ಪಿಕೊಂಡ ಎಲ್ಲ ಬ್ಲೌಸ್ ಹೇಳಿದ ದಿನಕ್ಕೇ ಹೋದವು.

ಮಾರ್ಚ್ ತಿಂಗಳ ಮಜೂರಿ 41,200. ಹಿಂದಿನ ಜಾತ್ರೆಯ 2022ರ ಮಾರ್ಚ್‌ನಲ್ಲಿ ಬಂದದ್ದು 48,000. ಅಂದರೆ ಬರದ ಏಟು ಪೂರ್ತಿ ತಪ್ಪಲಿಲ್ಲ. ಅಕ್ಟೋಬರ್‌ನಲ್ಲಿ ಶೇ. 37 ಬಿದ್ದಿದ್ದ ದುಡಿಮೆ ಜಾತ್ರೆಯಲ್ಲಿ ಶೇ. 14ಕ್ಕೆ ನಿಂತಿತು. ಏಪ್ರಿಲ್‌ನಲ್ಲಿ ಮತ್ತೆ 24,000ಕ್ಕೆ ಇಳಿಯಿತು. ಹಲಗೆ, ಸ್ಟಾಂಪ್, ಕಾಗದದ ಕವರು ಸೇರಿ ಕೈಯಿಂದ ಹೋದದ್ದು 1,150. ಅದರ ಜೊತೆಗೆ ಫೋನಿಗೆ ಕೂತ ಇಪ್ಪತ್ತು ಚಿಲ್ಲರೆ ಗಂಟೆ, ಮಗಳ ಎರಡು ಭಾನುವಾರ. ಇದನ್ನೂ ಖರ್ಚಿನ ಕಡೆಗೇ ಬರೆಯಬೇಕು. ಮೆಷಿನ್ ಮುಂದೆ ಪುರಸೊತ್ತಿಲ್ಲದ ಅಂಗಡಿಗೆ ಇದು ಆಗುವ ಕೆಲಸವಲ್ಲ. ವ್ಯಾಪಾರ ಕುಸಿದದ್ದಕ್ಕೇ ಮಧ್ಯಾಹ್ನ ಖಾಲಿ ಇತ್ತು, ಖಾಲಿ ಇದ್ದದ್ದಕ್ಕೇ ಫೋನ್ ಮಾಡಲು ಆಯಿತು.

ಅದೇ ಮುಂದೆ ತೊಡಕೂ ಆಯಿತು. 2024ರ ಮುಂಗಾರು ಚೆನ್ನಾಗಿ ಬಂತು, ಭದ್ರಾ ತುಂಬಿತು. ಆಗಸ್ಟ್‌ನಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಹಲಗೆ ಮೂರು ವಾರ ಮುಂಚೆಯೇ ತುಂಬಿತು, ಮಧ್ಯಾಹ್ನದ ಫೋನ್ ನಿಂತಿತು. ಹೊಸದಾಗಿ ಬಂದವರ ನಂಬರ್ ಶೀಟಿಗೆ ಏರಿಸುವುದೂ ನಿಂತಿತು. ಕೇಳಿದರೆ "ಕೆಲ್ಸ ಐತಲ್ಲ ತಮ್ಮಾ" ಅಂದರು. ನಾನು ಆ ಸಂಜೆ ಜಗಳವನ್ನೇ ಆಡಿದೆ, ಅವರ ಹಳೇ ಪುಸ್ತಕದ ಮೇಲೆ ಕೈ ಇಟ್ಟು.

ಈಗ ಹತ್ತನೇ ಪುಸ್ತಕ ಶುರುವಾಗಿದೆ. ಪ್ರತಿ ಪುಟದಲ್ಲೂ ಅಳತೆಯ ಪಕ್ಕ ಮೊದಲಿಲ್ಲದ ಎರಡು ಗೆರೆ ಎಳೆದಿದ್ದಾರೆ: ಒಂದು 'ಹೇಳಿದ ದಿನ', ಇನ್ನೊಂದು 'ಕೊಟ್ಟ ದಿನ'. ಎರಡೂ ಒಂದೇ ಆಗದಿದ್ದರೆ ಕೆಂಪು ಪೆನ್ನಿನ ಗುರುತು. ನಾನು ಕೊನೆಯ ಸಲ ನೋಡಿದಾಗ ಅರವತ್ತು ಪುಟಕ್ಕೆ ಮೂರು ಕೆಂಪು ಗುರುತು ಇದ್ದವು. ಮೂವರಿಗೂ ಅಕ್ಕ ಅವತ್ತೇ ಫೋನ್ ಮಾಡಿದ್ದರು. ಮಲೇಬೆನ್ನೂರಿನವರು ಇನ್ನೂ ಬಂದಿಲ್ಲ. ಅವರ ಪುಟಕ್ಕೆ ಒಂದು ಬಟ್ಟೆಯ ಚೂರು ಇಟ್ಟು ಗುರುತು ಮಾಡಿದ್ದಾರೆ, ಸಂಕ್ರಾಂತಿ ಹತ್ತಿರ ಬಂದಾಗ ಇನ್ನೊಂದು ಸಲ ಮಾತಾಡಿಸಬೇಕಂತೆ.